ಹಳೆಯ ಮರದ ಪಕ್ಕದಲ್ಲೊಂದು ಸಸಿ

2025ರ ಜೂನ್‌ನಲ್ಲಿ, ನಮ್ಮಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ, ಪಶ್ಚಿಮ ಲಂಡನ್ನಿನ ಬ್ರೆಂಟ್‌ಫರ್ಡ್ ಫುಟ್‌ಬಾಲ್ ಕ್ಲಬ್ಬಿನಿಂದ ಒಬ್ಬೊಬ್ಬರೇ ಹೊರಡತೊಡಗಿದರು. ಮೊದಲು ಗೋಲ್‌ಕೀಪರ್ ಮಾರ್ಕ್ ಫ್ಲೆಕೆನ್ ಜರ್ಮನಿಯ ಲೆವರ್‌ಕುಸೆನ್‌ಗೆ ಹೋದರು. ಜೂನ್ 12ರಂದು ಕೋಚ್ ಥಾಮಸ್ ಫ್ರಾಂಕ್ ಅದೇ ಲಂಡನ್ನಿನ ಟಾಟನ್‌ಹ್ಯಾಮ್ ಸೇರಿದರು. ಏಳು ವರ್ಷಕ್ಕೆ ಹತ್ತಿರ ಮುಖ್ಯ ಕೋಚ್ ಆಗಿದ್ದು ತಂಡವನ್ನು ಎರಡನೇ ದರ್ಜೆಯಿಂದ ಪ್ರೀಮಿಯರ್ ಲೀಗಿಗೆ ಏರಿಸಿದವರು ಅವರು. ಜುಲೈನಲ್ಲಿ ನಾಯಕ ಕ್ರಿಸ್ಟಿಯನ್ ನೋರ್ಗಾರ್ಡ್ ಆರ್ಸೆನಲ್‌ಗೆ ಹೋದರು, ಅದೇ ತಿಂಗಳಲ್ಲಿ ಬ್ರಯಾನ್ ಎಂಬೂಮೊ ಮ್ಯಾಂಚೆಸ್ಟರ್ ಯುನೈಟೆಡ್‌ಗೆ. ಸೆಪ್ಟೆಂಬರ್ 1, ಟ್ರಾನ್ಸ್‌ಫರ್ ಅವಧಿ ಮುಗಿಯುವ ದಿನ, ಯೋಆನ್ ವಿಸ್ಸಾ ನ್ಯೂಕಾಸಲ್‌ಗೆ ಸಹಿ ಹಾಕಿದರು.

ಹಿಂದಿನ ಋತುವಿನಲ್ಲಿ ಎಂಬೂಮೊ ಲೀಗಿನಲ್ಲಿ 20 ಗೋಲು ಹೊಡೆದಿದ್ದರು, ವಿಸ್ಸಾ 19. ತಂಡದ ಒಟ್ಟು ಗೋಲು 66. ಅದರಲ್ಲಿ 39 ಇವರಿಬ್ಬರವೇ. ಅಷ್ಟನ್ನೂ ನಂಬಿಕೊಂಡು ತಂಡ ಹತ್ತನೇ ಸ್ಥಾನದಲ್ಲಿ ನಿಂತಿತ್ತು. ಈಗ ಕೋಚ್ ಇಲ್ಲ, ನಾಯಕ ಇಲ್ಲ, ಕೀಪರ್ ಇಲ್ಲ, ಗೋಲು ಹೊಡೆಯುವ ಇಬ್ಬರೂ ಇಲ್ಲ. ಹೊಸ ಋತು ಶುರುವಾಗುವ ಮುನ್ನ ಅನೇಕ ವಿಶ್ಲೇಷಕರು ಕೆಳ ದರ್ಜೆಗೆ ಬೀಳುವ ಮೂರು ತಂಡಗಳ ಪಟ್ಟಿಯಲ್ಲಿ ಬ್ರೆಂಟ್‌ಫರ್ಡ್ ಹೆಸರನ್ನೂ ಬರೆದರು. ಕಾಣುವ ಲೆಕ್ಕ ನೋಡಿದರೆ ಅವರನ್ನು ತಪ್ಪು ಅನ್ನುವ ಹಾಗಿರಲಿಲ್ಲ.

ಕ್ಲಬ್ಬಿನ ಮಾಲೀಕ ಮ್ಯಾಥ್ಯೂ ಬೆನ್‌ಹ್ಯಾಮ್ ಈ ಗಲಾಟೆಯಲ್ಲೆಲ್ಲ ಸುದ್ದಿಗೋಷ್ಠಿ ಕರೆಯಲಿಲ್ಲ, ದೊಡ್ಡ ಮಾತು ಆಡಲಿಲ್ಲ. ಸಂದರ್ಶನವನ್ನೇ ಅಪರೂಪಕ್ಕೆ ಕೊಡುವ ಮನುಷ್ಯ. ಹೊಸ ಋತುವಿಗೆ ತಂಡ ಕಟ್ಟುವ ಯೋಜನೆ ಅಂದರೆ ನಮಗೆ ಕಣ್ಣಮುಂದೆ ಬರುವುದು ಕೋಟಿಗಟ್ಟಲೆ ಸುರಿದು ಆಟಗಾರರನ್ನು ತರುವ ಒಡೆಯ, ವಿಮಾನ ನಿಲ್ದಾಣದಲ್ಲಿ ಸ್ಕಾರ್ಫ್ ಎತ್ತಿ ಹಿಡಿದ ಹೊಸ ಸ್ಟ್ರೈಕರ್. ಬ್ರೆಂಟ್‌ಫರ್ಡ್‌ನಲ್ಲಿ ಕಟ್ಟುವ ಕೆಲಸ ಆ ಬೇಸಿಗೆಯಲ್ಲಿ ಶುರುವಾದದ್ದಲ್ಲ. ಬಹುಪಾಲು ಅದಕ್ಕೂ ಒಂದೆರಡು ವರ್ಷ ಮೊದಲೇ ಆಗಿಹೋಗಿತ್ತು. ನಮ್ಮ ಮಲೆನಾಡಿನ ಅಡಿಕೆ ತೋಟದಲ್ಲಿ ಹಳೆಯ ಮರ ಒಣಗಿ ಬಿದ್ದ ಮೇಲೆ ಸಸಿ ಹುಡುಕಲು ಹೊರಡುವವರಿಲ್ಲ. ಮರ ಇನ್ನೂ ಗೊನೆ ಬಿಡುತ್ತಿರುವಾಗಲೇ ಅದರ ಪಕ್ಕದಲ್ಲಿ ಸಸಿ ನೆಡುತ್ತಾರೆ. ಮರ ಹೋಗುವ ಹೊತ್ತಿಗೆ ಸಸಿ ಫಸಲಿನ ಅಂಚಿಗೆ ಬಂದಿರುತ್ತದೆ. ಬೆನ್‌ಹ್ಯಾಮ್ ಮಾಡುತ್ತಿರುವುದು ಇದೇ ಕೃಷಿ ಎಂದು ನನಗೆ ಬಹಳ ದಿನದಿಂದ ಅನ್ನಿಸಿದೆ.

ಅವರು ಕ್ಲಬ್ಬಿಗೆ ಹೊರಗಿನಿಂದ ಬಂದ ಹಣವಂತರಲ್ಲ. 1968ರಲ್ಲಿ ಹುಟ್ಟಿದವರು, ಹುಡುಗನಾಗಿದ್ದಾಗಲೇ ಬ್ರೆಂಟ್‌ಫರ್ಡ್ ಅಭಿಮಾನಿ. ಆಕ್ಸ್‌ಫರ್ಡ್‌ನಲ್ಲಿ ಭೌತಶಾಸ್ತ್ರ ಓದಿ, ಲಂಡನ್ನಿನ ಹಣಕಾಸು ಪೇಟೆಯಲ್ಲಿ ಕೆಲಸ ಮಾಡಿ, ಆಮೇಲೆ ಟೋನಿ ಬ್ಲೂಮ್ ಅವರ ಬೆಟ್ಟಿಂಗ್ ಸಂಸ್ಥೆ ಸೇರಿದರು. ಈ ಬ್ಲೂಮ್ ಈಗ ಬ್ರೈಟನ್ ಕ್ಲಬ್ಬಿನ ಮಾಲೀಕ. 2004ರಲ್ಲಿ ಬೆನ್‌ಹ್ಯಾಮ್ ಬೇರೆಯಾಗಿ ಸ್ಮಾರ್ಟ್‌ಆಡ್ಸ್ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಫುಟ್‌ಬಾಲ್ ಪಂದ್ಯಗಳ ಅಂಕಿಅಂಶಗಳನ್ನು ಅರೆದು, ಯಾವ ತಂಡ ಗೆಲ್ಲುವ ಸಂಭವ ಎಷ್ಟು ಎಂದು ಬಾಜಿ ಕಟ್ಟುವವರಿಗೆ ಹೇಳುವ ಸಂಸ್ಥೆ ಅದು.

ಬ್ರೆಂಟ್‌ಫರ್ಡ್ ಆಗ ಸಾಲದಲ್ಲಿ ಮುಳುಗಿತ್ತು. 1889ರಲ್ಲಿ ಹುಟ್ಟಿದ ಕ್ಲಬ್. 1947ರಲ್ಲಿ ಮೊದಲ ದರ್ಜೆಯಿಂದ ಬಿದ್ದದ್ದು ಮತ್ತೆ ಮೇಲೆ ಬಂದಿರಲಿಲ್ಲ. ಅಭಿಮಾನಿಗಳೇ ಸೇರಿ ಕಟ್ಟಿಕೊಂಡ ಬೀಸ್ ಯುನೈಟೆಡ್ ಎಂಬ ಟ್ರಸ್ಟ್ 2006ರಲ್ಲಿ ಕ್ಲಬ್ಬನ್ನು ಕೈಗೆ ತೆಗೆದುಕೊಂಡಿತು. ಮುಂದಿನ ವರ್ಷ ಬೆನ್‌ಹ್ಯಾಮ್ ಆ ಟ್ರಸ್ಟಿಗೆ ಸಾಲ ಕೊಟ್ಟರು. ಕ್ರಮೇಣ ಹೆಚ್ಚು ಹಣ ಹಾಕಿ, 2012ರಲ್ಲಿ ಕ್ಲಬ್ಬಿನ ಒಡೆತನ ಪಡೆದರು. ಹೀಗೆ ಅಭಿಮಾನಿಗಳ ಕೈಯಿಂದಲೇ ಅಭಿಮಾನಿಯೊಬ್ಬನ ಕೈಗೆ ಹೋದ ಕ್ಲಬ್ ಇಂಗ್ಲೆಂಡಿನಲ್ಲಿ ಅಪರೂಪ. ಇವತ್ತಿಗೂ ಟ್ರಸ್ಟಿನ ಬಳಿ ಒಂದು ವಿಶೇಷ ಷೇರು ಇದೆ. ಅವರನ್ನು ಕೇಳದೆ ಮೈದಾನವನ್ನು ಮಾರಿಬಿಡಲು ಯಾವ ಮಾಲೀಕನಿಗೂ ಬರುವುದಿಲ್ಲ. ಆಸ್ತಿಯ ಬೆಲೆ ಮುಗಿಲು ಮುಟ್ಟಿರುವ ಲಂಡನ್ನಿನಲ್ಲಿ ಇದು ಸಣ್ಣ ಮಾತಲ್ಲ.

ಅವರ ಲೆಕ್ಕಾಚಾರದ ತಿರುಳು ಒಂದೇ: ಅಂಕಪಟ್ಟಿಯನ್ನು ಕಣ್ಣುಮುಚ್ಚಿ ನಂಬಬಾರದು. ಫುಟ್‌ಬಾಲ್‌ನಲ್ಲಿ ಗೋಲು ಬಹಳ ಕಡಿಮೆ. ಕ್ರಿಕೆಟ್‌ನಲ್ಲಿ ಒಂದು ಕ್ಯಾಚ್ ಕೈಜಾರಿದರೂ ಇನ್ನೂರು ಮುನ್ನೂರು ರನ್ನಿನ ಹರಹಿನಲ್ಲಿ ಅದು ಸರಿದೂಗಬಹುದು. ಫುಟ್‌ಬಾಲ್‌ನಲ್ಲಿ ಕಂಬಕ್ಕೆ ತಾಗಿದ ಒಂದು ಚೆಂಡು ಪಂದ್ಯವನ್ನೇ ತಿರುಗಿಸುತ್ತದೆ. ಹಾಗಾಗಿ ಎಷ್ಟು ಗೋಲು ಬಂತು ಅನ್ನುವುದಕ್ಕಿಂತ ಎಂಥ ಜಾಗದಿಂದ, ಎಂಥ ಸ್ಥಿತಿಯಲ್ಲಿ, ಎಷ್ಟು ಅವಕಾಶ ಹುಟ್ಟಿತು ಅನ್ನುವುದನ್ನು ಎಣಿಸುತ್ತಾರೆ. ಗೋಲಿನ ಎದುರಿಗೆ ಆರು ಗಜದಿಂದ ಹೊಡೆದ ಚೆಂಡಿಗೂ ಮೂವತ್ತು ಗಜದಿಂದ ಆಸೆಪಟ್ಟು ಹೊಡೆದದ್ದಕ್ಕೂ ಒಂದೇ ಬೆಲೆ ಇಲ್ಲ. ಪ್ರತಿ ಹೊಡೆತಕ್ಕೂ ಅದು ಗೋಲಾಗುವ ಸಂಭವದ ಅಂಕಿ ಕೊಟ್ಟು ಕೂಡಿದರೆ ಬರುವುದು ನಿರೀಕ್ಷಿತ ಗೋಲು. ಇದರ ಮೇಲೆ ಕಟ್ಟಿದ, ಅದೃಷ್ಟವನ್ನು ಕಳೆದು ನೋಡುವ ಇನ್ನೊಂದು ಅಂಕಪಟ್ಟಿ ಬೆನ್‌ಹ್ಯಾಮ್ ಬಳಿ ಇತ್ತು. ಅದನ್ನು ನ್ಯಾಯದ ಪಟ್ಟಿ ಎಂದೇ ಕರೆಯುತ್ತಿದ್ದರು.

ಈ ತತ್ವ ಅವರಿಗೆ ಎದೆ ಒಡೆಯುವ ರೀತಿಯಲ್ಲಿ ಪಾಠವಾದದ್ದು 2013ರ ಏಪ್ರಿಲ್ 27ರಂದು. ಮೂರನೇ ದರ್ಜೆಯ ಲೀಗಿನ ಕೊನೆಯ ದಿನ, ಗ್ರಿಫಿನ್ ಪಾರ್ಕ್ ಮೈದಾನದಲ್ಲಿ ಡಾಂಕಾಸ್ಟರ್ ವಿರುದ್ಧದ ಪಂದ್ಯ. ಗೆದ್ದರೆ ಬ್ರೆಂಟ್‌ಫರ್ಡ್‌ಗೆ ಬಡ್ತಿ. ಗೋಲಿಲ್ಲದೆ ಆಟ ಹೆಚ್ಚುವರಿ ನಿಮಿಷಗಳಿಗೆ ಹೋಯಿತು, ಬ್ರೆಂಟ್‌ಫರ್ಡ್‌ಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಬೇಕಾಗಿದ್ದವರು ಹಿರಿಯ ಆಟಗಾರ ಕೆವಿನ್ ಓ'ಕಾನರ್. ಯುವಕ ಮಾರ್ಸೆಲ್ಲೊ ಟ್ರೊಟ್ಟಾ ಚೆಂಡು ಬಿಟ್ಟುಕೊಡಲಿಲ್ಲ, ತಾನೇ ಹೊಡೆದ, ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಹಿಂದಕ್ಕೆ ಬಂತು. ಡಾಂಕಾಸ್ಟರ್ ಆಟಗಾರರು ಅದೇ ಚೆಂಡನ್ನು ಎತ್ತಿಕೊಂಡು ಇನ್ನೊಂದು ತುದಿಗೆ ಓಡಿ ಗೋಲು ಹೊಡೆದು ಲೀಗಿನ ಚಾಂಪಿಯನ್ನರಾದರು. ಬ್ರೆಂಟ್‌ಫರ್ಡ್ ಪ್ಲೇಆಫ್‌ಗೆ ಹೋಗಿ ಅಲ್ಲಿಯೂ ಫೈನಲ್‌ನಲ್ಲಿ ಯೋವಿಲ್‌ಗೆ ಸೋತಿತು. ಇಂಥ ಸೋಲಿನ ಮಾರನೇ ದಿನ ಎಲ್ಲವನ್ನೂ ಬುಡಮೇಲು ಮಾಡಿ ಹೊಸದಾಗಿ ಕಟ್ಟುತ್ತೇವೆ ಅನ್ನುವ ಮಾಲೀಕರೇ ಹೆಚ್ಚು. ಬೆನ್‌ಹ್ಯಾಮ್ ಹಾಗೆ ಮಾಡಲಿಲ್ಲ. ಅಡ್ಡಪಟ್ಟಿ ಎರಡು ಅಂಗುಲ ಮೇಲಿದ್ದಿದ್ದರೆ ಇದೇ ತಂಡ ಬಡ್ತಿ ಪಡೆದಿರುತ್ತಿತ್ತು, ತಂಡ ಕೆಟ್ಟದ್ದಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಮುಂದಿನ ವರ್ಷವೇ ಎರಡನೇ ಸ್ಥಾನ ಗಳಿಸಿ ನೇರವಾಗಿ ಮೇಲಕ್ಕೆ ಹೋದರು.

ಅವರು ತಪ್ಪೇ ಮಾಡಲಿಲ್ಲ ಎಂದು ಹೇಳಲಾರೆ. 2015ರಲ್ಲಿ ತಂಡವನ್ನು ಎರಡನೇ ದರ್ಜೆಯಲ್ಲಿ ಐದನೇ ಸ್ಥಾನಕ್ಕೆ ತಂದಿದ್ದ ಮಾರ್ಕ್ ವಾರ್ಬರ್ಟನ್ ಅವರನ್ನು ಬಿಟ್ಟುಕೊಟ್ಟರು. ಆ ನಿರ್ಧಾರ ಋತುವಿನ ನಡುವೆಯೇ ಪತ್ರಿಕೆಗೆ ಸಿಕ್ಕಿ ಅಭಿಮಾನಿಗಳು ಸಿಟ್ಟಿಗೆದ್ದರು. ಅವರ ಜಾಗಕ್ಕೆ ಬಂದ ಡಚ್ ಕೋಚ್ ಮರಿನಸ್ ಡೈಕ್‌ಹೌಸನ್ ಒಂಬತ್ತೇ ಪಂದ್ಯಕ್ಕೆ ಮನೆಗೆ ಹೋದರು. ಅಂಕಿ ನಂಬುವವರು ಮನುಷ್ಯರನ್ನು ಓದುವುದಿಲ್ಲ ಎಂಬ ಟೀಕೆ ಆಗ ಜೋರಾಗಿತ್ತು, ಅದರಲ್ಲಿ ಸತ್ಯವೂ ಇತ್ತು. ನನ್ನ ಅಂದಾಜಿನಲ್ಲಿ ಕ್ಲಬ್ಬಿಗೆ ಕೋಚ್ ಆರಿಸುವ ಬುದ್ಧಿ ಬಂದದ್ದೇ ಈ ಪೆಟ್ಟಿನಿಂದ. ಆಮೇಲೆ ಹೊರಗಿನಿಂದ ಒಬ್ಬ ಜಾದೂಗಾರನನ್ನು ಕರೆತರುವ ಬದಲು, ಈಗಾಗಲೇ ಮನೆಯೊಳಗಿದ್ದು ಮನೆಯ ರೀತಿನೀತಿ ಬಲ್ಲವರನ್ನು ಮುಂದೆ ತರುವ ಅಭ್ಯಾಸ ಬೆಳೆಯಿತು. 2018ರ ಅಕ್ಟೋಬರ್‌ನಲ್ಲಿ ಡೀನ್ ಸ್ಮಿತ್ ಆಸ್ಟನ್ ವಿಲ್ಲಾಗೆ ಹೋದಾಗ ಸಹಾಯಕ ಕೋಚ್ ಆಗಿದ್ದ ಥಾಮಸ್ ಫ್ರಾಂಕ್ ಅವರನ್ನೇ ಕೂರಿಸಿದರು. ಫ್ರಾಂಕ್ ಮೊದಲ ಹತ್ತು ಪಂದ್ಯಗಳಲ್ಲಿ ಎಂಟನ್ನು ಸೋತರು. ಬೇರೆ ಯಾವ ಕ್ಲಬ್ ಆಗಿದ್ದರೂ ಅಷ್ಟಕ್ಕೇ ಅವರ ಕತೆ ಮುಗಿದುಹೋಗುತ್ತಿತ್ತು. ಇಲ್ಲಿ ಉಳಿದರು.

ಆಟಗಾರರ ವಿಷಯದಲ್ಲಿ ಸಸಿ ನೆಡುವ ಕೆಲಸ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನೀಲ್ ಮೊಪೆ ಎಂಬ ಫ್ರೆಂಚ್ ಹುಡುಗನನ್ನು 2017ರಲ್ಲಿ ಸುಮಾರು 16 ಲಕ್ಷ ಪೌಂಡ್‌ಗೆ ತಂದರು. ಅದೇ ಬೇಸಿಗೆಯಲ್ಲಿ ನಾಲ್ಕನೇ ದರ್ಜೆಯ ಎಕ್ಸೆಟರ್‌ನಿಂದ ಓಲಿ ವಾಟ್ಕಿನ್ಸ್ ಅವರನ್ನು 18 ಲಕ್ಷಕ್ಕೆ ತಂದು ಬದಿಯಲ್ಲಿ ಆಡಿಸಿದರು. ಮೊಪೆ ಒಂದು ಋತುವಿನಲ್ಲಿ 25 ಲೀಗ್ ಗೋಲು ಹೊಡೆದಾಗ, 2019ರಲ್ಲಿ, ಅವರನ್ನು ಬ್ರೈಟನ್‌ಗೆ ಸುಮಾರು ಎರಡು ಕೋಟಿ ಪೌಂಡ್‌ಗೆ ಮಾರಿದರು. ಬದಿಯಲ್ಲಿದ್ದ ವಾಟ್ಕಿನ್ಸ್ ಅವರನ್ನು ನಡುವಿಗೆ ತಂದು ಸ್ಟ್ರೈಕರ್ ಮಾಡಿದರು. ಅವರೂ ಲೀಗಿನಲ್ಲಿ 25 ಹೊಡೆದರು. 2020ರ ಪ್ಲೇಆಫ್ ಫೈನಲ್‌ನಲ್ಲಿ ಫುಲ್‌ಹ್ಯಾಮ್‌ಗೆ ಸೋತು ಪ್ರೀಮಿಯರ್ ಲೀಗಿನ ಬಾಗಿಲು ಮುಖಕ್ಕೇ ಮುಚ್ಚಿಕೊಂಡಿತು. ಆ ಸೋಲಿನ ಬೆನ್ನಿಗೇ ವಾಟ್ಕಿನ್ಸ್ ಆಸ್ಟನ್ ವಿಲ್ಲಾಗೆ 2.8 ಕೋಟಿ ಪೌಂಡ್‌ಗೆ ಹೋದರು, ಸಯೀದ್ ಬೆನ್ರಾಮಾ ವೆಸ್ಟ್ ಹ್ಯಾಮ್‌ಗೆ ಹೋದರು. ತಂಡದ ಬೆನ್ನುಮೂಳೆ ಮುರಿಯಿತು ಎಂದು ಆಗಲೂ ಎಲ್ಲರೂ ಅಂದರು. ಮೂರನೇ ದರ್ಜೆಯ ಪೀಟರ್‌ಬರೊದಿಂದ ಐವಾನ್ ಟೋನಿ ಬಂದು 31 ಲೀಗ್ ಗೋಲು ಹೊಡೆದರು. 2021ರ ಮೇ 29ರಂದು ವೆಂಬ್ಲಿಯಲ್ಲಿ ಸ್ವಾನ್ಸಿಯನ್ನು 2–0 ಇಂದ ಸೋಲಿಸಿ, 74 ವರ್ಷಗಳ ಮೇಲೆ ಬ್ರೆಂಟ್‌ಫರ್ಡ್ ಮೊದಲ ದರ್ಜೆಗೆ ಮರಳಿತು. ಹೊಸ ಲೀಗಿನ ಮೊದಲ ರಾತ್ರಿಯೇ ಆರ್ಸೆನಲ್ ವಿರುದ್ಧ 2–0 ಗೆಲುವು. ಮನೆಯಲ್ಲಿ ಎಲ್ಲರೂ ಮಲಗಿದ್ದಾಗ ಸದ್ದಿಲ್ಲದೆ ಟಿವಿ ಮುಂದೆ ಕೂತು ನೋಡಿದ ಆ ಪಂದ್ಯ ನನಗೆ ಇನ್ನೂ ಹಸಿಯಾಗಿ ನೆನಪಿದೆ.

ಹಣದ ಗಣಿತವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದಿಲ್ಲದೆ ಈ ಮಾರಾಟವೆಲ್ಲ ಬರೀ ಆಸೆಬುರುಕತನದ ಹಾಗೆ ಕಾಣುತ್ತದೆ. ಬ್ರೆಂಟ್‌ಫರ್ಡ್‌ನ ಈಗಿನ ಮೈದಾನ 2020ರಲ್ಲಿ ತೆರೆದದ್ದು, ಕ್ಯೂ ಬ್ರಿಡ್ಜ್ ಬಳಿ ರೈಲುಹಳಿಗಳ ನಡುವಿನ ತ್ರಿಕೋನದಲ್ಲಿ ತುರುಕಿ ಕಟ್ಟಿದ್ದು. ಕೂರುವುದು 17,250 ಜನ. ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ಇದರ ನಾಲ್ಕು ಪಟ್ಟಿಗೂ ಮಿಕ್ಕಿ ಜನ ಕೂರುತ್ತಾರೆ. ಟಿಕೆಟ್ ಮಾರಿ, ಅಂಗಿ ಮಾರಿ ದೊಡ್ಡವರ ಸಮ ನಿಲ್ಲುವ ದಾರಿ ಈ ಕ್ಲಬ್ಬಿಗೆ ಇಲ್ಲವೇ ಇಲ್ಲ. ಟಿವಿ ಪ್ರಸಾರದ ಪಾಲು ಇದೆ. ಪ್ರೀಮಿಯರ್ ಲೀಗಿನಲ್ಲಿ ಕೊನೆಯ ಸ್ಥಾನದ ತಂಡಕ್ಕೂ ವರ್ಷಕ್ಕೆ ಹತ್ತು ಕೋಟಿ ಪೌಂಡ್‌ಗಿಂತ ಹೆಚ್ಚು ಬರುತ್ತದೆ. ಆದರೆ ಕೆಳಗೆ ಬಿದ್ದರೆ ಅದೂ ಕೈಬಿಡುತ್ತದೆ. ಇನ್ನು ಮಾಲೀಕ ತನ್ನ ಜೇಬಿನಿಂದ ಬೇಕಾದಷ್ಟು ಸುರಿಯೋಣವೆಂದರೆ 2025–26ರವರೆಗೆ ಇದ್ದ ಲೀಗಿನ ನಿಯಮ ಬಿಡುತ್ತಿರಲಿಲ್ಲ. ಮೂರು ವರ್ಷಕ್ಕೆ ಸೇರಿ 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸಿದರೆ ಅಂಕ ಕಡಿತದವರೆಗೂ ಶಿಕ್ಷೆ ಬೀಳಬಹುದಿತ್ತು.

ಇಲ್ಲಿ ಲೆಕ್ಕಪುಸ್ತಕದ ಒಂದು ಗುಟ್ಟು ಸಣ್ಣ ಕ್ಲಬ್ಬಿನ ಕೈಹಿಡಿಯುತ್ತದೆ. ಆಟಗಾರನನ್ನು ಕೊಂಡ ಖರ್ಚನ್ನು ಪುಸ್ತಕದಲ್ಲಿ ಒಮ್ಮೆಗೇ ಬರೆಯುವುದಿಲ್ಲ, ಅವನ ಒಪ್ಪಂದದ ವರ್ಷಗಳಿಗೆ ಹಂಚುತ್ತಾರೆ. 4.25 ಕೋಟಿ ಪೌಂಡ್ ಕೊಟ್ಟು ಐದು ವರ್ಷಕ್ಕೆ ತಂದರೆ ವರ್ಷಕ್ಕೆ 85 ಲಕ್ಷದ ಖರ್ಚು. ಮಾರಿದಾಗ ಬಂದ ಲಾಭವನ್ನು ಮಾತ್ರ ಆ ವರ್ಷವೇ ಇಡಿಯಾಗಿ ಬರೆಯಬಹುದು. 2019ರಲ್ಲಿ ಟ್ರೋಯ್ ಕ್ಲಬ್ಬಿನಿಂದ 58 ಲಕ್ಷ ಪೌಂಡ್‌ಗೆ ಬಂದಿದ್ದ ಎಂಬೂಮೊ ಆರು ವರ್ಷ ಆಡಿ 6.5 ಕೋಟಿಗೆ, ಮೇಲೆ ಷರತ್ತಿನ 60 ಲಕ್ಷಕ್ಕೆ ಹೋದರು. ಷರತ್ತಿನ ಹಣ ಬಿಟ್ಟು, ಆಗಿನ ದರದಲ್ಲಿ ನಮ್ಮ ರೂಪಾಯಿಗೆ ಸುಮಾರು 750 ಕೋಟಿ. ಅವರನ್ನು ಕೊಂಡ ಖರ್ಚು ಪುಸ್ತಕದಲ್ಲಿ ಬಹುಪಾಲು ಕರಗಿಹೋಗಿತ್ತು. ಒಂದು ಮರದ ಫಸಲಿನಲ್ಲಿ ಹಲವು ಸಸಿಗಳ ಖರ್ಚು ಹುಟ್ಟುವುದು ಹೀಗೆ.

ಹಾಗಾದರೆ 2025ರಲ್ಲಿ ಪಕ್ಕದಲ್ಲಿ ಬೆಳೆದು ನಿಂತಿದ್ದ ಸಸಿ ಯಾವುದು?

ಇಗೋರ್ ಥಿಯಾಗೊ. ಬ್ರೆಜಿಲ್‌ನವರು, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ಮನೆ ನಡೆಸಲು ಗಾರೆ ಕೆಲಸವನ್ನೂ ಮಾಡಿದ ಹುಡುಗ. ಕ್ರುಜೇರೊ, ಅಲ್ಲಿಂದ ಬಲ್ಗೇರಿಯದ ಲುಡೊಗೊರೆಟ್ಸ್, ಅಲ್ಲಿಂದ ಬೆಲ್ಜಿಯಮ್ಮಿನ ಕ್ಲಬ್ ಬ್ರೂಗ್. ಬ್ರೆಂಟ್‌ಫರ್ಡ್ ಇವರನ್ನು ಸುಮಾರು ಮೂರು ಕೋಟಿ ಪೌಂಡ್‌ಗೆ ಕೊಳ್ಳುವುದಾಗಿ ಪ್ರಕಟಿಸಿದ್ದು 2024ರ ಫೆಬ್ರವರಿಯಲ್ಲಿ. ಆಗ ಟೋನಿ ಇನ್ನೂ ತಂಡದಲ್ಲೇ ಇದ್ದರು, ಹೊರಟದ್ದು ಆಗಸ್ಟ್ ಕೊನೆಗೆ, ಸೌದಿಯ ಅಲ್ ಅಹ್ಲಿಗೆ. ಮರ ಹೋಗುವ ಮೊದಲೇ ಪಕ್ಕದಲ್ಲಿ ಸಸಿ ನೆಡುತ್ತಾರೆ ಅಂದೆನಲ್ಲ, ಇದೇ ಅದು. ಆದರೆ ಋತುವಿಗೆ ಮುಂಚಿನ ಅಭ್ಯಾಸ ಪಂದ್ಯದಲ್ಲೇ ಥಿಯಾಗೊ ಮೊಣಕಾಲಿಗೆ ಪೆಟ್ಟಾಯಿತು. ಚೇತರಿಸಿಕೊಂಡು ಬಂದರೆ ಮತ್ತೆ ಮೊಣಕಾಲಿನ ತೊಂದರೆ. ಇಡೀ ಋತುವಿನಲ್ಲಿ ಬೆರಳೆಣಿಕೆಯ ಪಂದ್ಯ, ಲೀಗಿನಲ್ಲಿ ಒಂದೂ ಗೋಲಿಲ್ಲ. ಆ ಖಾಲಿ ಜಾಗವನ್ನು ಎಂಬೂಮೊ, ವಿಸ್ಸಾ ತುಂಬಿದರು. ಅವರ 39 ಗೋಲುಗಳ ಹಿಂದೆ ಹೀಗೊಂದು ಅಪಘಾತವೂ ಇತ್ತು. ಮಾರನೇ ಬೇಸಿಗೆಯಲ್ಲಿ ಅವರಿಬ್ಬರೂ ಹೊರಟಾಗ ಹೊರಗಿನವರಿಗೆ ಕಂಡದ್ದು ಗೋಲೇ ಹೊಡೆಯದ, ಗಾಯಾಳು ಸ್ಟ್ರೈಕರ್. ಕ್ಲಬ್ಬಿನವರು ಒಂದೂವರೆ ವರ್ಷದ ಹಿಂದೆ ತಾವೇ ಯಾಕೆ ಆರಿಸಿದೆವು ಅನ್ನುವುದನ್ನು ಮರೆತಿರಲಿಲ್ಲ. 2026ರ ಜನವರಿ ಮೊದಲ ವಾರಕ್ಕೆ ಥಿಯಾಗೊ ಲೀಗಿನಲ್ಲಿ 16 ಗೋಲು ಮುಟ್ಟಿದರು. ಪ್ರೀಮಿಯರ್ ಲೀಗಿನ ಒಂದು ಋತುವಿನಲ್ಲಿ ಅಷ್ಟು ಗೋಲು ಹೊಡೆದ ಬ್ರೆಜಿಲ್ ಆಟಗಾರ ಅದುವರೆಗೆ ಯಾರೂ ಇರಲಿಲ್ಲ.

ಕೀಪರ್ ವಿಷಯವೂ ಹಾಗೆಯೇ. ಲಿವರ್‌ಪೂಲ್‌ನಲ್ಲಿ ಅಲಿಸನ್ ಹಿಂದೆ ವರ್ಷಗಟ್ಟಲೆ ಬೆಂಚಿನಲ್ಲಿ ಕೂತಿದ್ದ ಐರ್ಲೆಂಡಿನ ಕ್ವೀವೀನ್ ಕೆಲೆಹರ್ ಜೂನ್ ಮೊದಲ ವಾರವೇ ಬಂದರು, 1.25 ಕೋಟಿ ಪೌಂಡ್ ಮೊದಲ ಕಂತಿಗೆ. ಕೋಚ್ ಯಾರು ಅನ್ನುವುದು ಆಗಿನ್ನೂ ಅಲುಗಾಡುತ್ತಿತ್ತು. ಆಟಗಾರರನ್ನು ಆರಿಸುವವರು ಕೋಚ್ ಅಲ್ಲ, ಫಿಲ್ ಗೈಲ್ಸ್ ನೇತೃತ್ವದ ಬಳಗ. ಆದ್ದರಿಂದ ಕೋಚ್ ಹೋದರೂ ಕೊಳ್ಳುವ ಪಟ್ಟಿ ಹರಿದು ಎಸೆಯಬೇಕಾಗಿಲ್ಲ. ಎಷ್ಟೋ ಕ್ಲಬ್ಬುಗಳಲ್ಲಿ ಹೊಸ ಕೋಚ್ ಬಂದ ಕೂಡಲೇ ಹಳೆಯವರ ಆಟಗಾರರು ಬೇಡವಾಗಿ, ಹೊಸಬರಿಗೆ ಹೊಸ ಬೆಲೆ ತೆತ್ತು, ಎರಡು ವರ್ಷದಲ್ಲಿ ಅವರೂ ಹೋಗಿ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮ್ಯಾಂಚೆಸ್ಟರ್ ಯುನೈಟೆಡ್ ಹತ್ತು ವರ್ಷಗಳಿಂದ ಈ ಗಾಣದಲ್ಲೇ ಸುತ್ತುತ್ತಿದೆ.

ಕೋಚ್ ಆಯ್ಕೆ ಮಾತ್ರ ಹುಬ್ಬೇರಿಸುವಂಥದ್ದು. ಜೂನ್ 27ರಂದು ಕೀತ್ ಆಂಡ್ರ್ಯೂಸ್ ಹೆಸರು ಹೇಳಿದರು. ಐರ್ಲೆಂಡಿನ ಮಾಜಿ ಮಿಡ್‌ಫೀಲ್ಡರ್, ಬ್ರೆಂಟ್‌ಫರ್ಡ್‌ನಲ್ಲಿ ಒಂದು ವರ್ಷದಿಂದ ಸೆಟ್ ಪೀಸ್ ಕೋಚ್, ಯಾವ ಕ್ಲಬ್ಬಿಗೂ ಮುಖ್ಯ ಕೋಚ್ ಆಗಿದ್ದವರಲ್ಲ. ಸೆಟ್ ಪೀಸ್ ಅಂದರೆ ಕಾರ್ನರ್, ಫ್ರೀಕಿಕ್, ಥ್ರೋ ಇಂಥವು. ಆಟ ನಿಂತು ಮತ್ತೆ ಶುರುವಾಗುವ ಗಳಿಗೆಗಳು. ಆ ಗಳಿಗೆಯಲ್ಲಿ ಎಲ್ಲರೂ ಎಲ್ಲಿ ನಿಲ್ಲಬೇಕು, ಯಾರು ಯಾರನ್ನು ತಡೆಯಬೇಕು ಅನ್ನುವುದನ್ನು ಮೊದಲೇ ಗೀಚಿ ಅಭ್ಯಾಸ ಮಾಡಬಹುದು. ಅದಕ್ಕೇ ಒಬ್ಬ ಕೋಚ್ ಇಟ್ಟುಕೊಂಡ ಮೊದಲಿಗರಲ್ಲಿ ಬ್ರೆಂಟ್‌ಫರ್ಡ್ ಒಂದು. ಈ ಕುರ್ಚಿಯಲ್ಲಿ ಕೂತು ಹೋದ ನಿಕೊಲಾ ಜೋವೆರ್ ಇವತ್ತು ಆರ್ಸೆನಲ್‌ನಲ್ಲಿ ಹೆಸರು ಮಾಡಿದ್ದಾರೆ, ಬರ್ನಾರ್ಡೊ ಕ್ವೇವಾ ಚೆಲ್ಸಿಗೆ ಹೋದರು. ಆಂಡ್ರ್ಯೂಸ್ ಬಂದ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ ತಂಡ ಸತತ ಮೂರು ಪಂದ್ಯಗಳಲ್ಲಿ ಮೊದಲ ನಿಮಿಷದೊಳಗೇ ಗೋಲು ಹೊಡೆಯಿತು. ಪ್ರೀಮಿಯರ್ ಲೀಗಿನಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ. ಆಟ ಶುರುವಾಗುವ ಮೊದಲ ಒದೆತವನ್ನೂ ಒಂದು ಕಾರ್ನರ್ ಹಾಗೆ ಯೋಚಿಸಿ ಹೆಣೆದಿದ್ದರು.

ಇಷ್ಟಾದರೂ ಅದು ಅಪಾಯದ ಆಯ್ಕೆ ಎಂದೇ ನಾನು ಆಗ ನಂಬಿದ್ದೆ. ಒಬ್ಬೊಬ್ಬರೇ ಹೊರಡುತ್ತಿರುವ ಮನೆಯಲ್ಲಿ ಅನುಭವ ಇಲ್ಲದವರನ್ನು ಯಜಮಾನ ಮಾಡುವುದು ಬೇರೆ, ತುಂಬಿದ ಮನೆಯಲ್ಲಿ ಮಾಡುವುದು ಬೇರೆ. ಬಹುಶಃ ಕ್ಲಬ್ಬಿನವರಿಗೂ ಇದರ ಅರಿವಿತ್ತು. ತಮ್ಮ ಪದ್ಧತಿಯನ್ನೇ ಮುರಿದು ಜೋರ್ಡನ್ ಹೆಂಡರ್ಸನ್ ಅವರನ್ನು ತಂದರು. ವಯಸ್ಸು 35. ಲಿವರ್‌ಪೂಲ್‌ನ ನಾಯಕನಾಗಿ ಲೀಗನ್ನೂ ಚಾಂಪಿಯನ್ಸ್ ಲೀಗನ್ನೂ ಗೆದ್ದವರು. ಸೌದಿಗೆ ಹೋಗಿ, ಆಮ್‌ಸ್ಟರ್‌ಡ್ಯಾಮ್‌ನ ಅಯಾಕ್ಸ್‌ಗೆ ಹೋಗಿ, ಎರಡು ವರ್ಷದ ಒಪ್ಪಂದಕ್ಕೆ ಬಂದರು. ಈ ಆಟಗಾರನನ್ನು ಮತ್ತೆ ಮಾರಿ ಒಂದು ಪೌಂಡ್ ಲಾಭ ಸಿಗುವುದಿಲ್ಲ. ಆದರೆ ನೋರ್ಗಾರ್ಡ್ ಜೊತೆ ಹಿರಿಯ ಡಿಫೆಂಡರ್ ಬೆನ್ ಮೀ ಕೂಡ ಹೋಗಿದ್ದರು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರು ತುಂಬಿದ ಡ್ರೆಸಿಂಗ್ ರೂಮಿನಲ್ಲಿ ಸೋತ ದಿನ ಎದ್ದು ನಿಂತು ಮಾತಾಡುವ ಹಿರಿಯರೊಬ್ಬರು ಬೇಕಿತ್ತು. ಅಂಕಿಗಳ ಕ್ಲಬ್ ಇಂಥದ್ದೊಂದು ಕೊಳ್ಳುವಿಕೆ ಮಾಡಿದ್ದು ನನಗೆ ಆ ಬೇಸಿಗೆಯ ಅತ್ಯಂತ ಪ್ರೀತಿಯ ಸುದ್ದಿ.

ಎಲ್ಲವೂ ಯೋಜನೆಯಂತೆ ನಡೆಯಲಿಲ್ಲ. ಎಂಬೂಮೊ ಹೋದ ಮೇಲೆ ವಿಸ್ಸಾ ಅವರನ್ನು ಉಳಿಸಿಕೊಳ್ಳಬೇಕೆಂದಿದ್ದರು. ವಿಸ್ಸಾ ಒಪ್ಪಲಿಲ್ಲ. ಪೋರ್ಚುಗಲ್‌ನ ಅಭ್ಯಾಸ ಶಿಬಿರ ಬಿಟ್ಟು ಬಂದರು, ತನ್ನನ್ನು ಬಿಡುತ್ತೇವೆ ಎಂದು ಮಾತು ಕೊಟ್ಟಿದ್ದರು ಎಂದು ಬಹಿರಂಗವಾಗಿ ಬರೆದರು. ಆಗಸ್ಟ್ 16ರ ಹೊತ್ತಿಗೆ ಬೋರ್ನ್‌ಮತ್‌ನಿಂದ ಡಾಂಗೊ ವತ್ತಾರಾ ಅವರನ್ನು ಕ್ಲಬ್ಬಿನ ದಾಖಲೆ ಬೆಲೆಗೆ ತಂದರು, ಷರತ್ತುಗಳೂ ಸೇರಿ 4.25 ಕೋಟಿ ಪೌಂಡ್. ಅತ್ತ ನ್ಯೂಕಾಸಲ್‌ನ ಸ್ಟ್ರೈಕರ್ ಅಲೆಕ್ಸಾಂಡರ್ ಇಸಾಕ್ ಕೂಡ ಹೀಗೇ ಹಟ ಹಿಡಿದು ಕೂತಿದ್ದರು. ಸೆಪ್ಟೆಂಬರ್ 1ರಂದು ಲಿವರ್‌ಪೂಲ್ 12.5 ಕೋಟಿ ಪೌಂಡ್ ಕೊಟ್ಟು ಇಸಾಕ್‌ರನ್ನು ಕೊಂಡಿತು, ಕೈಗೆ ಹಣ ಬಂದ ನ್ಯೂಕಾಸಲ್ ಅದೇ ದಿನ ಐದು ಕೋಟಿ ಪೌಂಡ್ ಹಾಗೂ ಮೇಲಿನ ಷರತ್ತಿಗೆ ವಿಸ್ಸಾರನ್ನು ಕೊಂಡಿತು. ಲಿವರ್‌ಪೂಲ್‌ನಲ್ಲಿ ಒಂದು ಕಲ್ಲು ಜಾರಿದರೆ ಲಂಡನ್ನಿನಲ್ಲಿ ಗೋಡೆ ಅಲುಗುತ್ತದೆ. ಋತು ಶುರುವಾಗಿ ಎರಡು ವಾರ ಕಳೆದ ಮೇಲೂ ಕೊಳ್ಳುವ ಮಾರುವ ಬಾಗಿಲು ತೆರೆದೇ ಇರುವ ಈ ವ್ಯವಸ್ಥೆ ಸಣ್ಣ ಕ್ಲಬ್ಬುಗಳಿಗೆ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಪಂದ್ಯ ಶುರುವಾಗುವ ಮುನ್ನಾದಿನ ಬಾಗಿಲು ಮುಚ್ಚಬೇಕು.

ಈ ಮಾಲೀಕರ ಬಗ್ಗೆ ಮೆಚ್ಚಿ ಬರೆಯುವಾಗ ಒಂದು ಮುಳ್ಳು ಮಾತ್ರ ಚುಚ್ಚುತ್ತಲೇ ಇರುತ್ತದೆ. ಅವರ ಸಂಪತ್ತಿನ ಮೂಲ ಬಾಜಿ. ಕ್ಲಬ್ಬಿನ ಅಂಗಿಯ ಎದೆಯ ಮೇಲೂ 2025–26ರ ಋತುವಿನವರೆಗೂ ಒಂದು ಬೆಟ್ಟಿಂಗ್ ಸಂಸ್ಥೆಯ ಹೆಸರೇ ಇತ್ತು. 2023ರ ಮೇ ತಿಂಗಳಲ್ಲಿ ಇದೇ ಅಂಗಿ ತೊಟ್ಟ ಐವಾನ್ ಟೋನಿಗೆ ಬಾಜಿ ನಿಯಮಗಳನ್ನು 232 ಬಾರಿ ಮುರಿದದ್ದಕ್ಕೆ ಎಂಟು ತಿಂಗಳ ನಿಷೇಧ ಬಿತ್ತು. ತಪ್ಪು ಟೋನಿಯದು, ನಿಜ. ಆದರೆ ಮೈಮೇಲೆ ಬಾಜಿಯ ಜಾಹೀರಾತು ಹೊತ್ತು ಓಡುವ ಹುಡುಗನಿಗೆ ಬಾಜಿ ಮುಟ್ಟಬೇಡ ಎನ್ನುವ ಆಟದ ಮನಸ್ಸಾಕ್ಷಿಯ ಬಗ್ಗೆ ನನಗೆ ನೋವಿದೆ. 2025–26ರ ಋತು ಮುಗಿದ ಮೇಲೆ ಅಂಗಿಯ ಮುಂಭಾಗದಲ್ಲಿ ಬೆಟ್ಟಿಂಗ್ ಹೆಸರುಗಳು ಇರಬಾರದೆಂದು ಪ್ರೀಮಿಯರ್ ಲೀಗಿನ ಕ್ಲಬ್ಬುಗಳು ಒಪ್ಪಿಕೊಂಡಿವೆ. ಅಷ್ಟಾದರೂ ಆಗಲಿ.

2025ರ ಅದೇ ಜುಲೈನಲ್ಲಿ ಬೆನ್‌ಹ್ಯಾಮ್ ಕ್ಲಬ್ಬಿನ ಒಂದು ಪಾಲನ್ನು ಉದ್ಯಮಿ ಗ್ಯಾರಿ ಲಬ್ನರ್ ಮತ್ತು ಚಲನಚಿತ್ರ ನಿರ್ದೇಶಕ ಮ್ಯಾಥ್ಯೂ ವಾನ್ ಅವರಿಗೆ ಕೊಟ್ಟರು. ಹೆಚ್ಚಿನ ಪಾಲು ತಮ್ಮಲ್ಲೇ ಇಟ್ಟುಕೊಂಡರು. ಬಹಳ ವರ್ಷ ಒಬ್ಬರೇ ಹೊತ್ತ ಭಾರಕ್ಕೆ ಇನ್ನಿಬ್ಬರು ಹೆಗಲು ಕೊಟ್ಟ ಹಾಗಾಯಿತು.

ಋತು ಸೋಲಿನಿಂದಲೇ ಶುರುವಾಯಿತು. ಆಗಸ್ಟ್ 17ರಂದು ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ 3–1. ಆರು ದಿನದ ಮೇಲೆ ತವರಿನಲ್ಲಿ ಆಸ್ಟನ್ ವಿಲ್ಲಾ ವಿರುದ್ಧ 1–0 ಗೆಲುವು, ಗೋಲು ವತ್ತಾರಾ ಅವರದು. ಆಮೇಲೆ ಸೆಪ್ಟೆಂಬರ್ 27 ಬಂತು. ನಮ್ಮಲ್ಲಿ ಸಂಜೆ ಐದು ಗಂಟೆ. ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್, ಅವರ ಕೆಂಪಂಗಿಯಲ್ಲಿ ಬ್ರಯಾನ್ ಎಂಬೂಮೊ, ಆರು ವರ್ಷ ತನ್ನದಾಗಿದ್ದ ಕ್ಲಬ್ಬಿಗೆ ಅತಿಥಿಯಾಗಿ.

ಎಂಟನೇ ನಿಮಿಷ. ಹೆಂಡರ್ಸನ್ ತನ್ನ ಅರ್ಧದಿಂದ ತಲೆ ಎತ್ತಿ ನೋಡಿ ಉದ್ದನೆಯ ಚೆಂಡು ಕಳಿಸಿದರು. ಥಿಯಾಗೊ ಹ್ಯಾರಿ ಮಗ್ವೈರ್ ಬೆನ್ನ ಹಿಂದೆ ಓಡಿ ಹೊಡೆದದ್ದು ಬಲೆಯ ಮೇಲ್ಭಾಗಕ್ಕೆ ಹೋಗಿ ಬಿತ್ತು. ಇಪ್ಪತ್ತನೇ ನಿಮಿಷಕ್ಕೆ ಅವರದೇ ಎರಡನೆಯದು. ಯುನೈಟೆಡ್ ಒಂದು ಗೋಲು ತಿರುಗಿಸಿತು. ಎರಡನೇ ಅರ್ಧದಲ್ಲಿ ಎಂಬೂಮೊ ಪೆನಾಲ್ಟಿ ಪೆಟ್ಟಿಗೆಯೊಳಗೆ ನುಗ್ಗುವಾಗ ಹೊಸ ನಾಯಕ ನೇಥನ್ ಕಾಲಿನ್ಸ್ ಅವರನ್ನು ಹಿಡಿದೆಳೆದರು. ಪೆನಾಲ್ಟಿ. ಹೊಡೆಯಲು ಬ್ರೂನೊ ಫೆರ್ನಾಂಡಿಸ್ ನಿಂತರು. ಕೆಲೆಹರ್ ಹಾರಿ ತಡೆದರು, ಮೈದಾನ ಎದ್ದು ನಿಂತಿತು. ಹೆಚ್ಚುವರಿ ನಿಮಿಷಗಳಲ್ಲಿ ಮೂರನೇ ಗೋಲು ಹೊಡೆದವರು ಮಥಿಯಾಸ್ ಯೆನ್ಸನ್. 2019ರ ಬೇಸಿಗೆಯಲ್ಲಿ, ಎಂಬೂಮೊ ಬಂದ ಅದೇ ಬೇಸಿಗೆಯಲ್ಲಿ, ಬ್ರೆಂಟ್‌ಫರ್ಡ್‌ಗೆ ಬಂದು ಇಲ್ಲೇ ಉಳಿದವರು.